‘ಪಾಶ್’ ಪದಕ್ಕೂ ಹಡಗಿನ ಟಿಕೆಟ್ಟಿಗೂ ಸಂಬಂಧವಿಲ್ಲ

ಬ್ರಿಟಿಷರ ಸ್ಲ್ಯಾಂಗ್ ಪದಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಉತ್ತರ. ಸ್ಲ್ಯಾಂಗ್ ಅಂದರೇನು ಅಂತ ವಿವರಿಸುತ್ತಾ ಕೂರುವುದಿಲ್ಲ. ನಾವೂ ಗೆಳೆಯರ ಹತ್ತಿರ ಒಂದು ಥರ, ಮೇಷ್ಟರ ಹತ್ತಿರ ಒಂದು ಥರ ಮಾತಾಡುತ್ತೇವಲ್ಲ, ಅಷ್ಟೇ.

ಪ್ರಶ್ನೆ: ಮೇಡಂ, ‘ಪಾಶ್’ ಅನ್ನುವುದು ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲ ಅಕ್ಷರಗಳಂತೆ. ಭಾರತಕ್ಕೆ ಬರುವ ಹಡಗಿನಲ್ಲಿ ಸಾಹುಕಾರರ ಟಿಕೆಟ್ ಮೇಲೆ ಈ ನಾಲ್ಕಕ್ಷರ ಒತ್ತುತ್ತಿದ್ದರಂತೆ. ನಮ್ಮ ಸ್ಪೋಕನ್ ಇಂಗ್ಲಿಷ್ ಸರ್ ಹೇಳಿದರು. ನಿಜವಾ? (ದಾವಣಗೆರೆ)

ಅಲ್ಲ. ಇದೇ ಪ್ರಶ್ನೆ ಮೈಸೂರಿನಿಂದ, ಶಿರಸಿಯಿಂದ, ಅಷ್ಟು ದೂರದ ಲೆಸ್ಟರ್‌ನಿಂದಲೂ ಬಂದಿದೆ. ಹಿಂದೆಯೂ ಉತ್ತರಿಸಿದ್ದೇನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ದಯವಿಟ್ಟು ನಿಮ್ಮ ಸರ್‌ಗೂ ಓದಿಸಿ.

ಕಥೆಯ ಭೂಗೋಳದಲ್ಲಿ ತಪ್ಪಿಲ್ಲ. ಇಂಗ್ಲೆಂಡಿನಿಂದ ಮುಂಬೈಗೆ ಬರುವ ಹಡಗು ಕೆಂಪು ಸಮುದ್ರದಲ್ಲಿ ದಕ್ಷಿಣಕ್ಕೆ ಸಾಗುತ್ತದೆ. ಮಧ್ಯಾಹ್ನದ ಮೇಲಿನ ಬಿಸಿಲೆಲ್ಲ ಬಲಗಡೆಗೆ, ಅಂದರೆ ಸ್ಟಾರ್‌ಬೋರ್ಡ್ ಕಡೆಗೆ. ಎಡಗಡೆ, ಅಂದರೆ ಪೋರ್ಟ್ ಕಡೆ, ಸ್ವಲ್ಪ ತಂಪು. ಊರಿಗೆ ವಾಪಸ್ ಹೋಗುವಾಗ ಉಲ್ಟಾ. ಎಸಿ ಇಲ್ಲದ ಕಾಲದಲ್ಲಿ ದುಡ್ಡಿದ್ದವರು ತಂಪು ಕಡೆಯ ಕ್ಯಾಬಿನ್ ಕೇಳಿದ್ದರೆ ಅದರಲ್ಲೇನೂ ಆಶ್ಚರ್ಯವಿಲ್ಲ. ಇಷ್ಟು ಹೊಂದಿಕೊಳ್ಳುವುದರಿಂದಲೇ ಓದಿದವರೂ ನಂಬುತ್ತಾರೆ. ಆದರೆ ಕ್ಯಾಬಿನ್ ಕೇಳಿರಬಹುದು ಅನ್ನುವುದು ಒಂದು, ಅದರಿಂದ ಪದ ಹುಟ್ಟಿತು ಅನ್ನುವುದು ಇನ್ನೊಂದು.

ಮೊದಲು ಟಿಕೆಟ್ ತೋರಿಸಿ. ಈ ಮಾರ್ಗದಲ್ಲಿ ಓಡುತ್ತಿದ್ದ ದೊಡ್ಡ ಕಂಪನಿ ‘ಪಿ ಅಂಡ್ ಒ’. ಆ ನಾಲ್ಕಕ್ಷರ ಒತ್ತಿದ ಅದರ ಒಂದೇ ಒಂದು ಟಿಕೆಟ್ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ಹಳೆಯ ಮೆನು ಕಾರ್ಡ್, ಲಗೇಜಿನ ಚೀಟಿಗಳನ್ನೂ ಜೋಪಾನವಾಗಿ ಎತ್ತಿಡುವ ದೇಶ ಅದು. ಟಿಕೆಟ್ ಮಾತ್ರ ಎಲ್ಲಿಗೆ ಹೋಯಿತು?

ಆಮೇಲೆ ಇಸವಿ ನೋಡಿ. 1918ರ ಸೆಪ್ಟೆಂಬರಿನ ‘ಪಂಚ್’ ಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರವಿದೆ. ವಾಯುಪಡೆಯ ಹುಡುಗನೊಬ್ಬ ತಾಯಿಯ ಹತ್ತಿರ ಮಾತಾಡುತ್ತಾ ‘ಪಾಶ್’ ಅನ್ನುತ್ತಾನೆ. ಹಾಗಂದರೇನಪ್ಪಾ ಅಂತ ತಾಯಿ ಕೇಳುತ್ತಾಳೆ. ಅಂದರೆ ಆಗ ಅದು ಹುಡುಗರ ಬಾಯಲ್ಲಿದ್ದ ಹೊಸ ಮಾತು. ದಶಕಗಳಿಂದ ಸಾಹುಕಾರರ ಟಿಕೆಟ್ ಮೇಲೆ ಇದ್ದಿದ್ದರೆ ತಾಯಿಗೇ ಮೊದಲು ಗೊತ್ತಿರಬೇಕಿತ್ತು, ಅಲ್ವಾ? ಹಡಗಿನ ವಿವರಣೆ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1935ರ ಸುಮಾರಿಗೆ. ಮಗು ಶಾಲೆಗೆ ಹೋಗುವ ವಯಸ್ಸಿನಲ್ಲಿ ಬರೆಸಿದ ಜಾತಕ ಇದು.

ಇನ್ನೊಂದು ವಿಷಯ. ಮೊದಲ ಅಕ್ಷರಗಳನ್ನು ಜೋಡಿಸಿ ಪದದಂತೆ ಓದುವ ರೂಢಿ 20ನೇ ಶತಮಾನಕ್ಕಿಂತ ಮೊದಲು ಇಂಗ್ಲಿಷಿನಲ್ಲಿ ತೀರಾ ಕಡಿಮೆ. ಮಹಾಯುದ್ಧಗಳ ಕಾಲದ ಸೇನೆ, ಸರ್ಕಾರಿ ಕಚೇರಿಗಳು ಅದನ್ನು ಹಬ್ಬಿಸಿದವು. ‘ರೇಡಾರ್’ ಅಂಥದ್ದು, ಅದು ಹುಟ್ಟಿದ್ದು 1940ರಲ್ಲಿ. ಹಾಗಾಗಿ ಹಳೆಯ ಪದಕ್ಕೆ ಯಾರಾದರೂ ಅಕ್ಷರ ಬಿಡಿಸಿ ಅರ್ಥ ಹೇಳಿದರೆ ಮೊದಲು ಅನುಮಾನ ಪಡಿ. ಇಂಗ್ಲಿಷಿನ ಆ ನಾಲ್ಕಕ್ಷರದ ಬೈಗುಳ ರಾಜನ ಒಂದು ಅಪ್ಪಣೆಯ ಮೊದಲ ಅಕ್ಷರಗಳಿಂದ ಬಂತು ಅನ್ನುವುದು ಶುದ್ಧ ಸುಳ್ಳು. ಇಂಗ್ಲೆಂಡಿನವರನ್ನು ಆಸ್ಟ್ರೇಲಿಯಾದವರು ‘ಪಾಮ್’ ಅನ್ನುತ್ತಾರೆ. ಅದು ಖೈದಿಗಳ ಅಂಗಿಯ ಮೇಲಿದ್ದ ಅಕ್ಷರ ಅನ್ನುವುದೂ ಅದೇ ಜಾತಿಯದು. ‘ಚಾವ್’ ಅನ್ನುವುದು ಬಡ ಮನೆಯ ಒರಟು ಹುಡುಗರನ್ನು ಹೀಯಾಳಿಸಲು ತೀರಾ ಈಚೆಗೆ ಹಬ್ಬಿದ ಬೈಗುಳ. ಅದನ್ನೂ ‘ಕೌನ್ಸಿಲ್ ಹೌಸ್ಡ್ ಅಂಡ್ ವೈಲೆಂಟ್’, ಅಂದರೆ ಸರ್ಕಾರಿ ಮನೆಯಲ್ಲಿರುವ ಪುಂಡ, ಅಂತ ಬಿಡಿಸುತ್ತಾರೆ. ಹುಡುಗ ಅನ್ನುವ ಅರ್ಥದ ರೋಮಾನಿ (ಯುರೋಪಿನಲ್ಲಿ ‘ಜಿಪ್ಸಿ’ಗಳೆಂದು ಕರೆಯುತ್ತಿದ್ದ ಜನರ ಭಾಷೆ) ಪದ ಪಕ್ಕದಲ್ಲೇ ಇದೆ, ಅದು ಯಾರಿಗೂ ಬೇಡ.

ಹಾಗಾದರೆ ‘ಪಾಶ್’ ಎಲ್ಲಿಂದ ಬಂತು? ರೋಮಾನಿ ಜನರ ಮಾತಿನಲ್ಲಿ ‘ಪಾಶ್’ ಅಂದರೆ ಅರ್ಧ. 19ನೇ ಶತಮಾನದ ಲಂಡನ್ ಸ್ಲ್ಯಾಂಗಿನಲ್ಲಿ ಅದೇ ಪದ ಅರ್ಧ ಪೆನಿಗೆ, ಚಿಲ್ಲರೆ ಕಾಸಿಗೆ ನಿಂತಿತ್ತು. 1890ರ ಸುಮಾರಿನ ಒಂದು ಸ್ಲ್ಯಾಂಗ್ ನಿಘಂಟು ಕಾಸಿನ ಅರ್ಥದ ಜೊತೆಗೆ ‘ಶೋಕಿಲಾಲ’ ಅನ್ನುವ ಅರ್ಥವನ್ನೂ ಕೊಡುತ್ತದೆ. ಕಾಸಿನಿಂದ ಶೋಕಿಗೆ, ಶೋಕಿಯಿಂದ ಇವತ್ತಿನ ‘ಪಾಶ್ ಏರಿಯಾ’ಕ್ಕೆ ಹೇಗೆ ಬಂತು ಅನ್ನುವುದಕ್ಕೆ ಬರಹದ ಸಾಕ್ಷಿ ಇಲ್ಲ. ಅದಕ್ಕೇ ಆಕ್ಸ್‌ಫರ್ಡ್ ನಿಘಂಟು ಮೂಲ ಅನಿಶ್ಚಿತ ಅಂತ ಬರೆದು ಸುಮ್ಮನಾಗುತ್ತದೆ. ನಿಘಂಟಿನವರು ಸುಮ್ಮನಾದ ಕಡೆಯಲ್ಲೇ ರೀಲ್ಸ್ ಮಾಡುವವರು ಬಾಯಿ ತೆರೆಯುತ್ತಾರೆ. ಅಂದಹಾಗೆ, ರೋಮಾನಿ ಭಾಷೆಯ ಬೇರು ಭಾರತದ್ದು, ನಿಜ. ಅಷ್ಟಕ್ಕೇ ‘ಪಾಶ್ ನಮ್ಮ ಪದ’ ಅಂತ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ.

ಪ್ರಶ್ನೆ: ‘ಬ್ಲಡಿ’ ಎಂಬ ಬೈಗುಳ ಮೇರಿ ಮಾತೆಯ ಮೇಲಿನ ಆಣೆಯಿಂದ ಬಂದದ್ದಲ್ಲವೇ? (ಮಂಗಳೂರು)

ಅಲ್ಲ. ಮುಂದಿನದು.

ಪ್ರಶ್ನೆ: ತಲೆ ಕೆಟ್ಟವರಿಗೆ ಬ್ರಿಟಿಷರು ‘ಡೂಲ್ಯಾಲಿ’ ಅನ್ನುತ್ತಾರಲ್ಲ, ಅದು ನಮ್ಮ ಕಡೆಯ ಊರಿನ ಹೆಸರಂತೆ. ಇದೂ ಕಟ್ಟುಕಥೆಯಾ? (ಬೆಳಗಾವಿ)

ಇಲ್ಲ, ಇದು ನಿಜ. ನಾಸಿಕ್ ಹತ್ತಿರದ ದೇವಳಾಲಿ. ಇವತ್ತಿಗೂ ಅಲ್ಲಿ ಫಿರಂಗಿ ದಳದ ತರಬೇತಿ ಶಾಲೆ ಇದೆ. ನಿಮ್ಮ ಊರಿನ ನಿವೃತ್ತ ಸೈನಿಕರನ್ನು ಕೇಳಿ, ಗೊತ್ತಿರುತ್ತದೆ. ಬ್ರಿಟಿಷರ ಕಾಲದಲ್ಲಿ ಸೇವೆ ಮುಗಿಸಿದ ಸೈನಿಕರು ಅಲ್ಲಿನ ಕ್ಯಾಂಪಿನಲ್ಲಿ ಹಡಗಿಗೆ ಕಾಯುತ್ತಿದ್ದರು. ಹಡಗು ಹೊರಡುತ್ತಿದ್ದದ್ದು ಚಳಿಗಾಲದ ಕೆಲವು ತಿಂಗಳು ಮಾತ್ರ. ತಪ್ಪಿತೋ, ಬೇಸಿಗೆ ಪೂರ್ತಿ ಕೆಲಸವಿಲ್ಲದೆ ಅಲ್ಲೇ ಕೊಳೆಯಬೇಕು. ಕುಡಿತ, ಜಗಳ, ಜ್ವರ. ‘ಡೂಲ್ಯಾಲಿ ಟ್ಯಾಪ್’ ಅನ್ನುವುದು ಪೂರ್ತಿ ರೂಪ. ಆ ‘ಟ್ಯಾಪ್’ ನಲ್ಲಿಯಲ್ಲ, ಜ್ವರ ಅನ್ನುವ ಅರ್ಥದ ಹಿಂದೂಸ್ತಾನಿ ಪದ. ಸೈನಿಕರೇ ಹೊತ್ತುಕೊಂಡು ಹೋದ ಇನ್ನೊಂದು ಮಾತು ‘ಬ್ಲೈಟಿ’, ಅಂದರೆ ನಮ್ಮ ಹಳಬರು ಹೇಳುತ್ತಿದ್ದ ವಿಲಾಯಿತಿ, ಸೈನಿಕರ ಬಾಯಲ್ಲಿ ಇಂಗ್ಲೆಂಡ್. ಮೊದಲ ಮಹಾಯುದ್ಧದಲ್ಲಿ ಊರಿಗೆ ಕಳಿಸುವಷ್ಟು ಪೆಟ್ಟಾಗಿ ಜೀವ ಉಳಿದರೆ ಅದು ‘ಬ್ಲೈಟಿ’ ಗಾಯ. ಅಂಥ ಗಾಯವಾಗಲಿ ಅಂತ ಬೇಡಿಕೊಂಡವರೂ ಇದ್ದರು.

ಪ್ರಶ್ನೆ: ‘ತಿಂಡಿ’ಯಿಂದಲೇ ‘ಟಿಫಿನ್’ ಆದದ್ದು ಅಂತ ನಮ್ಮ ಮಾವನವರ ವಾದ. (ಶಿವಮೊಗ್ಗ)

ಮಾವನವರಿಗೆ ನಮಸ್ಕಾರ ತಿಳಿಸಿ. ಅದು ಇಂಗ್ಲೆಂಡಿನದೇ ಹಳೆಯ ಸ್ಲ್ಯಾಂಗ್. ಗ್ರೋಸ್ ಎಂಬವರ 1785ರ ಸ್ಲ್ಯಾಂಗ್ ನಿಘಂಟಿನಲ್ಲಿ ‘ಟಿಫಿಂಗ್’ ಅಂದರೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು. ಅಲ್ಲಿ ಹೆಚ್ಚುಕಡಿಮೆ ಸತ್ತಿದೆ, ನಮ್ಮ ಹೋಟೆಲ್ ಬೋರ್ಡಿನ ಮೇಲೆ ಆರಾಮಾಗಿದೆ.

ಪ್ರಶ್ನೆ: ಅಕ್ಕನ ಮಗ ಓದಲು ಮ್ಯಾಂಚೆಸ್ಟರ್‌ಗೆ ಹೊರಟಿದ್ದಾನೆ. ಯಾವ್ಯಾವ ಸ್ಲ್ಯಾಂಗ್ ಪದ ಬಾಯಿಪಾಠ ಮಾಡಿಸಲಿ? (ಹಾಸನ)

ಯಾವುದೂ ಬೇಡ. ಕಿವಿಗೆ ಬಿದ್ದಾಗ ಅರ್ಥವಾದರೆ ಸಾಕು. ‘ಕ್ವಿಡ್’ ಅಂದರೆ ಪೌಂಡ್. ‘ಚಿಯರ್ಸ್’ ಅಂದರೆ ಬಹಳ ಸಲ ಬರೀ ಥ್ಯಾಂಕ್ಸ್, ಕೈಯಲ್ಲಿ ಗ್ಲಾಸ್ ಇರಬೇಕಿಲ್ಲ. ‘ಯು ಆಲ್‌ರೈಟ್?’ ಅಂದರೆ ನಮಸ್ಕಾರ ಅಷ್ಟೇ, ನೆಗಡಿ ಕೆಮ್ಮಿನ ವರದಿ ಒಪ್ಪಿಸಬಾರದು. ‘ಪ್ಯಾಂಟ್ಸ್’ ಅಂದರೆ ಚಡ್ಡಿ, ಅಂಗಡಿಯಲ್ಲಿ ‘ಟ್ರೌಸರ್ಸ್’ ಅಂತ ಕೇಳಲಿ. ಬೈಗುಳಗಳನ್ನು ಮಾತ್ರ ಮೊದಲ ವರ್ಷ ಬಾಯಿಗೆ ತರುವುದೇ ಬೇಡ. ಯಾವುದು ಗೆಳೆಯರ ನಡುವೆ ತಮಾಷೆ, ಯಾವುದಕ್ಕೆ ಕಪಾಳಮೋಕ್ಷ ಅನ್ನುವುದನ್ನು ಯಾವ ಪಟ್ಟಿಯೂ ಹೇಳಿಕೊಡುವುದಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲು ಅಂತಲೇ ಇಟ್ಟುಕೊಳ್ಳಿ.