ಬಸುರಿಯನ್ನು ಔಷಧದ ಅಧ್ಯಯನಕ್ಕೆ ಸೇರಿಸುವುದು ತಪ್ಪೇ?

ಹೆಂಡತಿಗೆ ನಾಲ್ಕು ತಿಂಗಳು, ಆಸ್ಪತ್ರೆಯವರು ಔಷಧದ ಅಧ್ಯಯನಕ್ಕೆ ಸೇರಿ ಅಂತಿದ್ದಾರೆ, ಬಸುರಿ ಮೇಲೆ ಪ್ರಯೋಗ ಮಾಡೋದು ಪಾಪ ಅಲ್ವಾ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಹೀಗೇ ಅಂದುಕೊಂಡಿದ್ದವಳು.

ನನಗೆ ಚಿಕ್ಕಂದಿನಿಂದ ದಮ್ಮು. ಬೆಳಿಗ್ಗೆ ರಾತ್ರಿ ಇನ್ಹೇಲರ್ ಎಳೆದುಕೊಂಡರೆ ಆರಾಮ. ಮೊದಲ ಸಲ ಬಸುರಿಯಾದಾಗ ಅದರ ಡಬ್ಬಿಯೊಳಗೆ ಮಡಚಿಟ್ಟಿದ್ದ ಚೀಟಿ ಬಿಚ್ಚಿ ಓದಿದೆ. ಇರುವೆ ಸಾಲಿನಂಥ ಅಕ್ಷರ: ಗರ್ಭಿಣಿಯರಲ್ಲಿ ಸಾಕಷ್ಟು ಅಧ್ಯಯನ ಆಗಿಲ್ಲ. ಅವತ್ತೇ ಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಔಷಧ ಮುಟ್ಟದಿದ್ದರೇ ಒಳ್ಳೇದು ಅಂತ ಅತ್ತೆಯೂ ಅಂದರು.

ಅಧ್ಯಯನ ಆಗಿಲ್ಲ ಅಂದಿದ್ದನ್ನು ನಾನು ಕೂಸಿಗೆ ಕೇಡು ಅಂತ ಓದಿಕೊಂಡೆ, ತಪ್ಪಿದ್ದು ಅಲ್ಲೇ. ಚೀಟಿಯವರಿಗೆ ಗೊತ್ತಿರಲಿಲ್ಲ, ಅಷ್ಟೇ. ಔಷಧ ಬಿಟ್ಟರೆ ಏನಾಗುತ್ತೆ ಅಂತ ನಾನು ತೂಗಿ ನೋಡಲೇ ಇಲ್ಲ. ತಾಯಿಗೆ ಉಸಿರು ಸಾಲದಿದ್ದರೆ ಹೊಟ್ಟೆಯೊಳಗಿನ ಕೂಸಿಗೂ ಆಮ್ಲಜನಕ ಸಾಲದು. ದಮ್ಮು ಹಿಡಿತದಲ್ಲಿಲ್ಲದಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಔಷಧ ಬಿಡೋದೂ ಪ್ರಯೋಗವೇ. ಯಾರೂ ಗಮನಿಸದೆ, ಯಾರೂ ಲೆಕ್ಕ ಇಡದೆ ನನ್ನ ಮೇಲೆ ನಾನೇ ಮಾಡಿಕೊಂಡೆ. ಏಳನೇ ತಿಂಗಳಲ್ಲಿ ಒಂದು ರಾತ್ರಿ ಒಂದು ಮಾತು ಪೂರ್ತಿ ಆಡಲಾಗದಷ್ಟು ಉಬ್ಬಸ, ತುಟಿ ನೀಲಿ. ಮಗಳು ಮುಂಚೆಯೇ ಹುಟ್ಟಿ ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದಳು.

ಬಸುರಿಯರ ವಾಂತಿಗೆ ಕೊಡುತ್ತಿದ್ದ ಥ್ಯಾಲಿಡೊಮೈಡ್ ಮಾತ್ರೆಯನ್ನು ನೆನಪಿಸಿದ್ದೀರಿ. ಅದು 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ, 1961ರಲ್ಲಿ ಹಿಂತೆಗೆದರು. ಸರಿಯಾಗಿ ಪರೀಕ್ಷಿಸದೆ ಬಸುರಿಯರಿಗೆ ಮಾರಿದ್ದೇ ಆ ಅನಾಹುತಕ್ಕೆ ಕಾರಣ. ಅದನ್ನು ತೋರಿಸಿ ಪರೀಕ್ಷೆಯೇ ಬೇಡ ಅನ್ನೋದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1620 ಹೆಂಗಸರು ಒಂದು ಅಧ್ಯಯನಕ್ಕೆ ಒಪ್ಪಿದ್ದರು. ಹೆರಿಗೆಯಾದ ಕೂಡಲೇ ನರ್ಸಮ್ಮ ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು ಆರರ ಆಸುಪಾಸಿಗೆ ಇಳಿಯಿತು. ಹೋಲಿಸಿ ನೋಡಲೆಂದು ಅವರಲ್ಲಿ ಅರ್ಧ ಜನ ನುಂಗಿದ್ದು ಔಷಧವಿಲ್ಲದ ಮಾತ್ರೆ. ಆ ತಾಯಂದಿರ ಋಣ ನಮ್ಮೆಲ್ಲರ ಮೇಲಿದೆ.

ಹಾಗಂತ ಕಣ್ಣು ಮುಚ್ಚಿ ಸಹಿ ಬೇಡ. ಅಧ್ಯಯನ ನ್ಯಾಯವಾಗಿದೆಯೇ ಅಂತ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಸಿಟಿಆರ್‌ಐ, ಅಂದರೆ ದೇಶದ ಔಷಧ ಪ್ರಯೋಗಗಳ ದಾಖಲೆ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ. ತೊಂದರೆಯಾದರೆ ಚಿಕಿತ್ಸೆಯ ಖರ್ಚು, ಪರಿಹಾರ ಯಾರು ಕೊಡ್ತಾರೆ ಅಂತ ಕನ್ನಡದಲ್ಲಿ ಬರೆದುಕೊಡದಿದ್ದರೆ ಎದ್ದು ಬನ್ನಿ. ಇನ್ನೊಂದು ಮಾತು, ಬೇಜಾರಾದರೂ ಹೇಳ್ತೀನಿ: ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಹೆಂಡತಿ ಏನಂದರು ಅನ್ನೋದೇ ಇಲ್ಲ. ಸಹಿ ಅವರದ್ದು. ಆ ಕಾಗದ ಮೊದಲು ಅವರು ಓದಲಿ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ಆಸ್ಪತ್ರೆಯವರು ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ ಅನ್ನೋದನ್ನೂ ಅವರಿಗೆ ತಿಳಿಸಿ.