ಯಾವ ಹಲ್ಲು ನೋಯುತ್ತಿದೆ ಎಂಬುದೇ ತಿಳಿಯದಿದ್ದಾಗ

ಪ್ರಶ್ನೆ: ಎರಡು ವಾರಗಳಿಂದ ಎಡಗಡೆ ದವಡೆ ನೋಯುತ್ತಿದೆ. ಮೇಲಿನ ಹಲ್ಲೋ ಕೆಳಗಿನದೋ ತಿಳಿಯುತ್ತಿಲ್ಲ. ಬಿಸಿ ಚಹಾ ಕುಡಿದರೆ ನೋವು ಬಹಳ ಹೊತ್ತು ಉಳಿಯುತ್ತದೆ, ರಾತ್ರಿ ಮಲಗಿದರೆ ಹೆಚ್ಚುತ್ತದೆ. ಕನ್ನಡಿಯಲ್ಲಿ ಹುಳುಕು ಕಾಣಿಸುವುದಿಲ್ಲ. ಕಲಬುರಗಿಗೆ ಹೋಗುವ ಮುನ್ನ ಮನೆಯಲ್ಲೇ ಕಾರಣ ತಿಳಿಯಬಹುದೇ?
– ಓದುಗರೊಬ್ಬರು, ಸೇಡಂ

ಉತ್ತರ: ಖಚಿತವಾಗಿ ಹೇಳಲು ದಂತವೈದ್ಯರ ಪರೀಕ್ಷೆ ಮತ್ತು ಎಕ್ಸ್‌ರೇ ಬೇಕು. ಆದರೆ ನೋವು ಎಲ್ಲಿದೆ ಎಂಬುದಕ್ಕಿಂತ ಅದು ಯಾವುದರಿಂದ ಏಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ತೊಂದರೆ ಯಾವ ಹಂತದಲ್ಲಿದೆ ಎಂದು ಬಹುಮಟ್ಟಿಗೆ ಊಹಿಸಬಹುದು.

ತಣ್ಣೀರು ತಗುಲಿದಾಗ ಜುಮ್ಮೆಂದು ಕೆಲವೇ ಕ್ಷಣಗಳಲ್ಲಿ ನಿಲ್ಲುವ ನೋವು ಸಾಮಾನ್ಯವಾಗಿ ಹಲ್ಲಿನ ಸವೆತ, ವಸಡು ಸರಿದಿರುವುದು ಅಥವಾ ತಿರುಳನ್ನು (ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೃದು ಭಾಗವನ್ನು) ಇನ್ನೂ ಕೆಡಿಸದ ಹುಳುಕನ್ನು ಸೂಚಿಸುತ್ತದೆ. ನಿಮ್ಮ ವಿವರಣೆ ಹಾಗಿಲ್ಲ. ಬಿಸಿಗೆ ಎದ್ದು ಬಹಳ ಹೊತ್ತು ಉಳಿಯುವ, ಮಲಗಿದರೆ ಹೆಚ್ಚುವ ನೋವು ಹಲ್ಲಿನ ತಿರುಳೇ ಉರಿಯೂತಕ್ಕೆ ಒಳಗಾಗಿರುವುದರ ಲಕ್ಷಣ. ಗಟ್ಟಿ ಗೋಡೆಗಳ ನಡುವೆ ಊದಿಕೊಳ್ಳಲು ಜಾಗವಿಲ್ಲದ ತಿರುಳಿನಲ್ಲಿ, ತಲೆ ತಗ್ಗಿದಾಗ ರಕ್ತದ ಒತ್ತಡವೂ ಸೇರುತ್ತದೆ. ಈ ಹಂತದಲ್ಲಿ ನೋವು ಅದೇ ಬದಿಯ ಮೇಲಿನ ಮತ್ತು ಕೆಳಗಿನ ಹಲ್ಲುಗಳಿಗೆ ಹರಡುವುದರಿಂದ ನಿಮಗೆ ಗೊಂದಲವಾಗಿರುವುದು ಸಹಜ.

ಹುಳುಕು ಕಾಣದಿರುವುದರಿಂದ ನೀವು ನಿಶ್ಚಿಂತರಾಗಬಾರದು. ಅದು ಹೆಚ್ಚಾಗಿ ಎರಡು ಹಲ್ಲುಗಳ ಸಂದಿಯಲ್ಲಿ ಬೆಳೆದು ಕನ್ನಡಿಗೆ ಸಿಗುವುದಿಲ್ಲ. ನಮ್ಮ ಭಾಗದಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಬೀಳುವ ಕಂದು ಕಲೆಗಳನ್ನು ಹುಳುಕೆಂದು ತಿಳಿಯುವವರೂ ಇದ್ದಾರೆ, ಆದರೆ ಆ ಕಲೆಯೇ ನೋವಿಗೆ ಕಾರಣವಾಗುವುದು ಅಪರೂಪ.

ಚಮಚದ ಹಿಡಿಯಿಂದ ಎಡಗಡೆಯ ಹಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ ನೋಡಿ. ಒಂದೇ ಹಲ್ಲು ಚುರುಕ್ ಎಂದರೆ ಉರಿಯೂತ ಬೇರಿನ ತುದಿಗೂ ಇಳಿದಿರಬಹುದು. ಕಡಕ್ ರೊಟ್ಟಿ ಕಚ್ಚಿ ಬಾಯಿ ಸಡಿಲಿಸಿದ ಕ್ಷಣದಲ್ಲಿ ಚುಚ್ಚಿದರೆ ಬಿರುಕನ್ನು, ನೆಗಡಿಯಿದ್ದು ಬಗ್ಗಿದಾಗ ಮೇಲಿನ ಹಲವು ಹಲ್ಲುಗಳು ಭಾರವೆನಿಸಿದರೆ ಸೈನಸ್ ತೊಂದರೆಯನ್ನು ಅನುಮಾನಿಸಬಹುದು.

ಮಾತ್ರೆಯನ್ನಾಗಲಿ ಲವಂಗದ ಎಣ್ಣೆಯನ್ನಾಗಲಿ ನೇರವಾಗಿ ವಸಡಿಗೆ ಹಚ್ಚಬೇಡಿ, ಸುಡುತ್ತದೆ. ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಈ ನೋವಿಗೆ ಮದ್ದಲ್ಲ. ನೋವು ತಾನಾಗಿಯೇ ಮಾಯವಾದರೂ ಕಲಬುರಗಿಯ ಪ್ರಯಾಣವನ್ನು ಮುಂದೂಡಬೇಡಿ, ಏಕೆಂದರೆ ತಿರುಳು ಸತ್ತಾಗಲೂ ನೋವು ನಿಲ್ಲುತ್ತದೆ, ಸೋಂಕು ಮಾತ್ರ ಒಳಗೇ ಬೆಳೆಯುತ್ತದೆ. ಮುಖ ಅಥವಾ ಕುತ್ತಿಗೆ ಊದಿಕೊಂಡರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಡೆದಾಗ ದವಡೆಯ ಜೊತೆ ಎದೆಯೂ ಬಿಗಿದರೆ ದಂತವೈದ್ಯರಿಗಾಗಿ ಕಾಯದೆ ತಕ್ಷಣ ಹೃದಯದ ಪರೀಕ್ಷೆ ಮಾಡಿಸಿ.