‘ಪುಟ್ಟ ಸರ್ವಾಧಿಕಾರಿ’ ಲೇಖನದ ಕುರಿತು

ಮಾನ್ಯರೇ,

ಕೋಸ್ಟರಿಕಾದಲ್ಲಿ ನೀವು ಕಂಡ ಟೋಡಿ ನೊಣಹಿಡುಕ ಹಕ್ಕಿಯ ಬಗೆಗಿನ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಮೂರನೆಯ ಪುಟದ ದೆಸೆಯಿಂದ ಮರಳಿಸಲೂ ಮನಸ್ಸು ಬಾರದು.

ಮೊದಲು ಶೀರ್ಷಿಕೆ. ‘ಟಿರಾನಿಡೇ’ (ಸರ್ವಾಧಿಕಾರಿ ಎಂಬರ್ಥದ ‘ಟಿರಾನಸ್’ನಿಂದ ಬಂದದ್ದು) ಎಂಬ ಕುಟುಂಬದ ಹೆಸರನ್ನೇ ನೆಚ್ಚಿಕೊಂಡು, ಆರೇಳು ಗ್ರಾಂ ತೂಗುವ ಹಕ್ಕಿಯ ಮೇಲೆ ನೀವು ದಬ್ಬಾಳಿಕೆಯ ಆರೋಪ ಹೊರಿಸಿದ್ದೀರಿ. ಗಿಡುಗವನ್ನೂ ಅಟ್ಟಿಸಿಕೊಂಡು ಹೋಗುವ, ಇದೇ ಕುಟುಂಬದ ಕಿಂಗ್‌ಬರ್ಡ್ ಹಕ್ಕಿಗೆ ಸಂದ ಆ ಹೆಸರು, 400ಕ್ಕೂ ಹೆಚ್ಚು ಪ್ರಭೇದಗಳ ಇಡೀ ಕುಟುಂಬಕ್ಕೆ ಅಂಟಿಕೊಂಡಿದೆ, ಅಷ್ಟೆ. ನಿಮ್ಮ ಹಕ್ಕಿ ನಮ್ಮ ತೋಟಗಳ ನೊಣಹಿಡುಕಗಳ ‘ಸೋದರಸಂಬಂಧಿ’ ಎಂಬ ಮಾತೂ ನಿಲ್ಲುವುದಿಲ್ಲ: ಕಸುಬು ಒಂದೇ ಆದರೂ ವಂಶ ಬೇರೆ. ಇನ್ನು ‘ದಟ್ಟ ಕಾಡಿನಲ್ಲಿ ಅಳಿವಿನಂಚಿಗೆ ಸರಿದ ಜೀವಿ’ ಎಂಬ ಸಾಲನ್ನು ಬರೆಯುವಾಗ ನಿಮ್ಮ ಟಿಪ್ಪಣಿಯನ್ನೇ ನೀವು ಮರೆತಂತಿದೆ. ದಕ್ಷಿಣ ಮೆಕ್ಸಿಕೋದಿಂದ ಬ್ರೆಜಿಲ್‌ವರೆಗೆ ಬೇಲಿ, ಕುರುಚಲು, ಕೈತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಹಕ್ಕಿಯನ್ನು ನೀವು ನೋಡಿದ್ದು ಬಾಡಿಗೆ ಮನೆಯ ಹಿತ್ತಿಲ ಸೀಬೆಗಿಡದಲ್ಲಿ ಅಲ್ಲವೇ?

ಆ ಸೀಬೆಗಿಡ ಬರುವುದು ಮೂರನೆಯ ಪುಟದಲ್ಲಿ. ಕಪ್ಪು ತಲೆ, ಹಳದಿ ಎದೆ, ಬೆಳ್ಳಗೆ ಮಿನುಗುವ ಕಣ್ಣು, ಚಪ್ಪಟೆ ಕೊಕ್ಕು, ಬಾಲವನ್ನು ಎತ್ತಿ ಅತ್ತಿತ್ತ ಅಲ್ಲಾಡಿಸುತ್ತ ಕೊಂಬೆಯ ಮೇಲೆ ಪಕ್ಕಕ್ಕೆ ಸರಿದು, ಎಲೆಯ ಅಡಿಗೆ ಚಿಮ್ಮಿ ಹುಳುವನ್ನು ಕಿತ್ತು ತರುವ ರೀತಿ, ಇವೆಲ್ಲ ಕಣ್ಣಾರೆ ಕಂಡವರ ಮಾತುಗಳು. ಗೂಡನ್ನು ಮಾತ್ರ ‘ಗೀಜಗನದರಂತೆ’ ಎಂದು ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೀರಿ. ಗೀಜಗ ಹುಲ್ಲಿನ ಸೀಳುಗಳನ್ನು ಗಂಟು ಹಾಕಿ ನೇಯುತ್ತದೆ, ಅದೂ ಗಂಡು ಹಕ್ಕಿಯ ದುಡಿಮೆ. ನಿಮ್ಮ ಹಕ್ಕಿಯದು ನೇಯ್ಗೆಯಲ್ಲ: ಗಂಡು ಹೆಣ್ಣುಗಳೆರಡೂ ಸೇರಿ ನಾರು, ಒಣಗಿದ ಚೂರುಗಳನ್ನು ರೆಂಬೆಯ ತುದಿಗೆ ಸಿಕ್ಕುಸಿಕ್ಕಾಗಿ ಜೋಲುಬಿಟ್ಟು, ಆಮೇಲೆ ಆ ಮುದ್ದೆಯೊಳಗೆ ನುಗ್ಗಿ ಪೊಳ್ಳು ಮಾಡಿ ಪಕ್ಕದಲ್ಲಿ ಬಾಗಿಲು ಇಡುತ್ತವೆ. ಐದು ಬೆಳಗು ಕಾದು ಕುಳಿತಿದ್ದ ನೀವು ಇದನ್ನು ನೋಡಿಯೇ ಇರುತ್ತೀರಿ. ಹೋಲಿಕೆ ಬೇಕೇ ಆದರೆ ಎಲ್ಲಿ ಹೋಲುತ್ತದೆ ಎಂಬುದರ ಜೊತೆಗೆ ಎಲ್ಲಿ ಹೋಲುವುದಿಲ್ಲ ಎಂಬುದನ್ನೂ ಬರೆಯಿರಿ. ಗೀಜಗನನ್ನು ಬಲ್ಲ ಕನ್ನಡದ ಓದುಗರಿಗೆ ರುಚಿಸುವುದು ಆ ವ್ಯತ್ಯಾಸವೇ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ, ಸೀಬೆಗಿಡದಿಂದಲೇ ಆರಂಭಿಸಿ. ‘ಪ್ರಕೃತಿಮಾತೆಯ ಮಡಿಲು’ ಮೂರು ಕಡೆ ಬಂದಿದೆ, ಮೂರೂ ಬೇಡ. ನಾಲ್ಕನೆಯ ಬೆಳಗಿನ ಮಳೆಯ ನಂತರ ಗೂಡು ಏನಾಯಿತೆಂದು ನೀವು ಎಲ್ಲಿಯೂ ತಿಳಿಸಿಲ್ಲ. ಅದನ್ನು ಸೇರಿಸಿ ಕಳುಹಿಸಿದರೆ ಮತ್ತೆ ಓದುತ್ತೇನೆ.

ಇಂತು,
ಸಂಪಾದಕ